ಸ್ಲೀಪ್ ಸ್ಟಡಿ: ಹೋಗುವ ಮುಂಚೆಯಿಂದ ರಿಪೋರ್ಟ್ ಓದುವ ತನಕ

“ಮೈತುಂಬ ವೈರು ಅಂಟಿಸುತ್ತಾರಂತೆ, ನಿದ್ದೆ ಹೇಗೆ ಬರುತ್ತೆ? ಬರದೇ ಹೋದರೆ ಪರೀಕ್ಷೆ ದಂಡ ಅಲ್ವಾ?” ಸ್ಲೀಪ್ ಸ್ಟಡಿ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿದ್ದೆ ಬರುತ್ತದೆ. ಮನೆಯಲ್ಲಿ ಬಂದ ಹಾಗೆ ಬರುವುದಿಲ್ಲ, ತಡವಾಗಿ ಬರುತ್ತದೆ, ನಡುನಡುವೆ ಎಚ್ಚರ ಆಗುತ್ತದೆ. ಆದರೂ ಹೆಚ್ಚಿನವರಿಗೆ ಪರೀಕ್ಷೆಗೆ ಬೇಕಾದಷ್ಟು ಬಂದೇ ಬರುತ್ತದೆ. ಪರೀಕ್ಷೆ ಕೆಡುವುದು ಬೇರೆ ಕಾರಣಗಳಿಗೆ: ತಮಗೆ ಹೊಂದದ ಪರೀಕ್ಷೆಗೆ ಹೋಗುವುದು, ನುಂಗುವ ಮಾತ್ರೆಗಳನ್ನು ಹೇಳದೇ ಇರುವುದು, ರಿಪೋರ್ಟಿನಲ್ಲಿ ಒಂದೇ ಒಂದು ಅಂಕಿ ನೋಡಿ ಮಡಚಿಡುವುದು. ಅದಕ್ಕೇ ಇಲ್ಲಿ ವೈರುಗಳಿಗಿಂತ ಈ ಮೂರರ ಮಾತೇ ಜಾಸ್ತಿ ಇದೆ.

ಪರೀಕ್ಷೆಯ ಪೂರ್ತಿ ಹೆಸರು ಪಾಲಿಸೊಮ್ನೋಗ್ರಫಿ. ನೀವು ಮಲಗಿರುವಾಗ ಮೆದುಳು, ಕಣ್ಣು, ಸ್ನಾಯು, ಹೃದಯ, ಉಸಿರು, ರಕ್ತದಲ್ಲಿನ ಆಮ್ಲಜನಕ ಎಲ್ಲವನ್ನೂ ರಾತ್ರಿಯಿಡೀ ಒಟ್ಟಿಗೆ ದಾಖಲಿಸುತ್ತಾರೆ. ಒಟ್ಟಿಗೆ ಅನ್ನುವುದೇ ಇಲ್ಲಿ ಮುಖ್ಯ. ಉಸಿರು ನಿಂತಿತು ಅಂತ ಗೊತ್ತಾದರೆ ಸಾಲದು. ಆಗ ನೀವು ನಿಜವಾಗಿ ನಿದ್ದೆಯಲ್ಲಿದ್ದಿರಾ, ಎಂಥ ನಿದ್ದೆ, ಅಂಗಾತ ಮಲಗಿದ್ದಿರಾ ಅಥವಾ ಮಗ್ಗುಲಾಗಿದ್ದಿರಾ, ಉಸಿರು ನಿಂತ ಮೇಲೆ ಮೆದುಳು ಎಚ್ಚೆತ್ತಿತಾ, ಇಷ್ಟೂ ಸೇರಿದರೆ ಮಾತ್ರ ರೋಗ ತಿಳಿಯುತ್ತದೆ.

1. ನಿಮ್ಮ ತೊಂದರೆಗೆ ಈ ಪರೀಕ್ಷೆ ಬೇಕಾ?

ನಿದ್ದೆ ಸರಿಯಿಲ್ಲದವರೆಲ್ಲ ಮಾಡಿಸಬೇಕಾದ ಪರೀಕ್ಷೆ ಇದಲ್ಲ. ಇದು ಉಪಯೋಗಕ್ಕೆ ಬರುವುದು ಮುಖ್ಯವಾಗಿ ಕೆಲವು ಅನುಮಾನಗಳಿದ್ದಾಗ.

ಮೊದಲನೆಯದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ತೊಂದರೆ. ಜೋರು ಗೊರಕೆ, ನಡುವೆ ಗೊರಕೆ ತಟ್ಟನೆ ನಿಂತು ಆಮೇಲೆ ಏದುಸಿರು, ಬೆಳಗ್ಗೆ ತಲೆನೋವು, ಹಗಲು ತೂಕಡಿಕೆ ಇದರ ಲಕ್ಷಣಗಳು. ಎರಡನೆಯದು ನಾರ್ಕೊಲೆಪ್ಸಿ. ರಾತ್ರಿ ಸಾಕಷ್ಟು ಮಲಗಿದರೂ ಹಗಲು ತಡೆಯಲಾಗದ ನಿದ್ದೆ, ಕೆಲವರಿಗೆ ಜೋರಾಗಿ ನಕ್ಕಾಗ ಮಂಡಿ ಕುಸಿದಂತಾಗುವುದು. ಮೂರನೆಯದು ಕನಸಿಗೆ ತಕ್ಕ ಹಾಗೆ ಕೈಕಾಲು ಬೀಸುವುದು, ಒದೆಯುವುದು, ಕೂಗುವುದು. ಕನಸಿನ ನಿದ್ದೆಯಲ್ಲಿ ಮೈ ಸಡಿಲವಾಗಿ ಅಲುಗಾಡದೆ ಇರಬೇಕು. ಆ ತಡೆ ಬಿಟ್ಟುಹೋಗಿದೆಯೇ ಅಂತ ಖಚಿತವಾಗಿ ತಿಳಿಯಲು ಈ ಪರೀಕ್ಷೆ ಬೇಕೇ ಬೇಕು. ಇನ್ನು ನಿದ್ದೆಯಲ್ಲಿ ಕಾಲು ಕೆಲವು ಸೆಕೆಂಡಿಗೊಮ್ಮೆ ಒಂದೇ ಲಯದಲ್ಲಿ ಜಗ್ಗುವುದು. ಇದು ಎಷ್ಟೋ ಸಲ ಮಲಗಿದವರಿಗೇ ಗೊತ್ತಿರುವುದಿಲ್ಲ.

ಇನ್ನೊಂದು ಕಡೆ, “ರಾತ್ರಿ ಎರಡು ಗಂಟೆವರೆಗೂ ನಿದ್ದೆ ಹತ್ತುವುದಿಲ್ಲ” ಅನ್ನುವ ಬರೀ ನಿದ್ರಾಹೀನತೆಗೆ ಸಾಮಾನ್ಯವಾಗಿ ಸ್ಲೀಪ್ ಸ್ಟಡಿ ಬೇಕಿಲ್ಲ. ನಿಮಗೆ ನಿದ್ದೆ ಬರುತ್ತಿಲ್ಲ ಅಂತ ಹೇಳಲು ಅಷ್ಟೊಂದು ವೈರು ಯಾಕೆ? ಅಂಥವರಿಗೆ ಸರಿಯಾಗಿ ಬರೆದ ನಿದ್ದೆಯ ದಿನಚರಿ ಮತ್ತು ವೈದ್ಯರ ಜೊತೆ ಕೂತು ಮಾತಾಡುವುದೇ ಹೆಚ್ಚು ಉಪಯೋಗ. ಚಿಕಿತ್ಸೆ ಮಾಡಿಯೂ ಸರಿಹೋಗದಿದ್ದರೆ ಅಥವಾ ಅಪ್ನಿಯಾದ ಅನುಮಾನವೂ ಇದ್ದರೆ ಮಾತು ಬೇರೆ. ಹಾಗೇ ಸಂಜೆ ಕೂತಾಗ, ಮಲಗಿದಾಗ ಕಾಲು ಜುಮುಗುಟ್ಟಿ ಅಲುಗಾಡಿಸದೆ ಇರಲಾಗದ ತೊಂದರೆಯನ್ನೂ ವೈದ್ಯರು ನಿಮ್ಮ ಮಾತಿನಿಂದಲೇ ಗುರುತಿಸುತ್ತಾರೆ.

ವೈದ್ಯರ ಹತ್ತಿರ ಹೋಗುವಾಗ ಎರಡು ವಸ್ತು ಜೊತೆಗಿರಲಿ. ಒಂದು, ಎಪ್‌ವರ್ತ್ ಪಟ್ಟಿ. ಕೂತು ಓದುವಾಗ, ಟಿವಿ ನೋಡುವಾಗ, ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ, ಹೀಗೆ 8 ಸಂದರ್ಭಗಳಲ್ಲಿ ಜೋಂಪು ಹತ್ತುವ ಸಾಧ್ಯತೆಗೆ ನೀವೇ 0ಯಿಂದ 3ರವರೆಗೆ ಅಂಕ ಕೊಡುವುದು. ಒಟ್ಟು 24ರಲ್ಲಿ 10ಕ್ಕಿಂತ ಜಾಸ್ತಿ ಬಂದರೆ ಹಗಲು ನಿದ್ದೆ ಮಿತಿಮೀರಿದೆ ಅಂತ ಲೆಕ್ಕ. ಇನ್ನೊಂದು, ನೀವು ಮಲಗಿದ್ದಾಗ ಮನೆಯವರು ಫೋನಿನಲ್ಲಿ ತೆಗೆದ ಒಂದೆರಡು ನಿಮಿಷದ ವಿಡಿಯೊ. ಗೊರಕೆ ಹೊಡೆಯುವವರು ತಮ್ಮ ಗೊರಕೆಗೆ ಸಾಕ್ಷಿ ಆಗಲಾರರು. ಪಕ್ಕದಲ್ಲಿ ಮಲಗುವವರನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

2. ಲ್ಯಾಬಿನಲ್ಲೋ, ಮನೆಯಲ್ಲೋ?

ಈಗ ಮನೆಗೇ ಕೊಟ್ಟು ಕಳಿಸುವ ಚಿಕ್ಕ ಯಂತ್ರಗಳಿವೆ. ಮೂಗಿಗೆ ಸಣ್ಣ ನಳಿಕೆ, ಎದೆಗೆ ಒಂದು ಬೆಲ್ಟು, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು. ಹೆಚ್ಚಿನವುಗಳಲ್ಲಿ ಇಷ್ಟೇ. ಬೇರೆ ದೊಡ್ಡ ಕಾಯಿಲೆ ಇಲ್ಲದ, ಅಪ್ನಿಯಾದ ಲಕ್ಷಣಗಳು ಎದ್ದು ಕಾಣುವ ವಯಸ್ಕರಿಗೆ ಇದು ಸಾಕು. ಅವರು ಲ್ಯಾಬಿಗೇ ಹೋಗಬೇಕು ಅಂತ ಹಟ ಹಿಡಿಯಬೇಕಾಗಿಲ್ಲ.

ಆದರೆ ಹೃದಯದ ಅಥವಾ ಶ್ವಾಸಕೋಶದ ದೊಡ್ಡ ಕಾಯಿಲೆ ಇದ್ದವರು, ಪಾರ್ಶ್ವವಾಯು ಆದವರು, ಸ್ನಾಯು ದುರ್ಬಲವಾಗುವ ಕಾಯಿಲೆಯವರು, ಮಾರ್ಫಿನ್ ಜಾತಿಯ ನೋವಿನ ಔಷಧಿ ತೆಗೆದುಕೊಳ್ಳುವವರು ಲ್ಯಾಬಿಗೇ ಹೋಗಬೇಕು. ನಾರ್ಕೊಲೆಪ್ಸಿ, ನಿದ್ದೆಯಲ್ಲಿ ನಡೆಯುವುದು, ಕೈಕಾಲು ಬೀಸುವುದು ಇವು ಮನೆಯ ಯಂತ್ರಕ್ಕೆ ಕಾಣುವುದೇ ಇಲ್ಲ.

ಎಚ್ಚರಿಕೆ: ಬಹಳಷ್ಟು ಮನೆ ಯಂತ್ರಗಳು ಮೆದುಳಿನ ಅಲೆ ನೋಡುವುದಿಲ್ಲ. ಹಾಗಾಗಿ ನೀವು ನಿದ್ದೆಯಲ್ಲಿದ್ದಿರಾ, ಸುಮ್ನೆ ಸೂರು ನೋಡುತ್ತಾ ಮಲಗಿದ್ದಿರಾ ಅಂತ ಅವಕ್ಕೆ ಗೊತ್ತಿಲ್ಲ. ಉಸಿರು ನಿಂತ ಲೆಕ್ಕವನ್ನು ನಿದ್ದೆ ಮಾಡಿದ ಗಂಟೆಗಳಿಂದ ಭಾಗಿಸುವ ಬದಲು ಯಂತ್ರ ಓಡಿದ ಗಂಟೆಗಳಿಂದ ಭಾಗಿಸುತ್ತವೆ. ಒಂದು ಲೆಕ್ಕ ನೋಡಿ. ರಾತ್ರಿಯಲ್ಲಿ 96 ಸಲ ಉಸಿರು ಕಟ್ಟಿತು, 6 ಗಂಟೆ ನಿದ್ದೆ ಆಯಿತು ಅಂದುಕೊಳ್ಳಿ. ಗಂಟೆಗೆ 16, ಅಂದರೆ ಮಧ್ಯಮ ಮಟ್ಟ (15 ದಾಟಿದರೆ ಮಧ್ಯಮ). ಅದೇ 96ನ್ನು ಯಂತ್ರ ಓಡಿದ 8 ಗಂಟೆಯಿಂದ ಭಾಗಿಸಿದರೆ 12, ಅಂದರೆ ಸೌಮ್ಯ ಮಟ್ಟ. ರೋಗಿ ಅದೇ, ರಾತ್ರಿ ಅದೇ, ಹಣೆಪಟ್ಟಿ ಮಾತ್ರ ಬೇರೆ. ಆದ್ದರಿಂದ ಮನೆ ಪರೀಕ್ಷೆಯಲ್ಲಿ “ಏನೂ ಇಲ್ಲ” ಅಂತ ಬಂದು, ನಿಮ್ಮ ಲಕ್ಷಣಗಳು ಹಾಗೇ ಉಳಿದಿದ್ದರೆ ಅಲ್ಲಿಗೆ ಬಿಡಬೇಡಿ. ಲ್ಯಾಬ್ ಪರೀಕ್ಷೆ ಕೇಳಿ.

ಕೈಗಡಿಯಾರ, ಫೋನ್ ಆ್ಯಪ್‌ಗಳು ತೋರಿಸುವ “ಗಾಢ ನಿದ್ದೆ 42 ನಿಮಿಷ” ಎಂಬಂಥ ಅಂಕಿಯನ್ನು ಹಿಡಿದು ಗಾಬರಿ ಬೀಳುವವರು ಬಹಳ ಜನ. ಅವು ಕೈಯ ಅಲುಗಾಟ, ನಾಡಿ ನೋಡಿ ಅಂದಾಜು ಕಟ್ಟುತ್ತವೆ. ವೈದ್ಯರನ್ನು ಕಾಣಲು ಒಂದು ನೆಪವಾದರೆ ಸರಿ, ಅದಕ್ಕಿಂತ ಹೆಚ್ಚು ಬೆಲೆ ಬೇಡ.

3. ಎರಡು ವಾರ ಮುಂಚೆ: ದಿನಚರಿ ಮತ್ತು ಮಾತ್ರೆಗಳ ಪಟ್ಟಿ

ದಿನಚರಿ ಅಂದರೆ ದೊಡ್ಡ ಬರವಣಿಗೆ ಅಲ್ಲ. ಎಷ್ಟು ಹೊತ್ತಿಗೆ ಮಲಗಿದಿರಿ, ಸುಮಾರು ಯಾವಾಗ ಕಣ್ಣು ಹತ್ತಿತು, ಎಷ್ಟು ಸಲ ಎದ್ದಿರಿ, ಬೆಳಗ್ಗೆ ಯಾವಾಗ ಎದ್ದಿರಿ, ಹಗಲು ಮಲಗಿದಿರಾ. ದಿನಕ್ಕೆ ಒಂದು ಸಾಲು. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರು ಅದನ್ನು ಲ್ಯಾಬಿಗೆ ಮೊದಲೇ ತಿಳಿಸಿ. ಬೆಳಗ್ಗೆ ಮಲಗುವ ರೂಢಿಯವರನ್ನು ರಾತ್ರಿ ಹತ್ತಕ್ಕೆ ಮಲಗಿಸಿ ಅಳೆದರೆ ಪ್ರಯೋಜನ ಇಲ್ಲ. ಸಮಯ ಬದಲಿಸಲು ಆಗುತ್ತದೆಯೇ ಅಂತ ಕೇಳಿ.

ಮಾತ್ರೆಗಳ ಪಟ್ಟಿ ಇದಕ್ಕಿಂತ ಮುಖ್ಯ. ಖಿನ್ನತೆಗೆ ಕೊಡುವ ಬಹಳಷ್ಟು ಔಷಧಿಗಳು ಕನಸಿನ ನಿದ್ದೆಯನ್ನು ಕಡಿಮೆ ಮಾಡುತ್ತವೆ, ಕೆಲವು ಕಾಲು ಜಗ್ಗುವುದನ್ನು ಜಾಸ್ತಿ ಮಾಡುತ್ತವೆ. ನಿದ್ದೆ ಮಾತ್ರೆಗಳು ನಿದ್ದೆಯ ಹಂತಗಳನ್ನೇ ಬದಲಿಸಬಹುದು. ಮಾರ್ಫಿನ್ ಜಾತಿಯವು ಉಸಿರಾಡು ಎಂಬ ಮೆದುಳಿನ ಆಜ್ಞೆಯನ್ನೇ ಮಂಕು ಮಾಡುತ್ತವೆ. ಇದೆಲ್ಲ ರಿಪೋರ್ಟ್ ಬರೆಯುವವರಿಗೆ ಗೊತ್ತಿರಬೇಕು. ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಂಡ ನೆಗಡಿ ಮಾತ್ರೆಯನ್ನೂ ಪಟ್ಟಿಯಲ್ಲಿ ಬರೆಯಿರಿ.

ಎಚ್ಚರಿಕೆ: ಪರೀಕ್ಷೆ ಚೆನ್ನಾಗಿ ಬರಲಿ ಅಂತ ಯಾವ ಔಷಧಿಯನ್ನೂ ನೀವಾಗಿ ನಿಲ್ಲಿಸಬೇಡಿ. ನಾರ್ಕೊಲೆಪ್ಸಿ ಪರೀಕ್ಷೆಗೆ ಕೆಲವು ಔಷಧಿಗಳನ್ನು ವಾರಗಳ ಮುಂಚೆ ಬಿಡಿಸುವುದುಂಟು. ಆದರೆ ಅದನ್ನು ಹಂತಹಂತವಾಗಿ, ಬರೆದುಕೊಟ್ಟ ವೈದ್ಯರೇ ಮಾಡಬೇಕು. ದಿನಾ ಕುಡಿಯುವವರಿಗೂ ಇದೇ ಮಾತು. ಮದ್ಯ ಗಂಟಲಿನ ಸ್ನಾಯುಗಳನ್ನು ಸಡಿಲ ಮಾಡಿ ಅಪ್ನಿಯಾ ಜಾಸ್ತಿ ಮಾಡುತ್ತದೆ, ನಿಜ. ಆದರೆ ದಿನಾ ಜಾಸ್ತಿ ಕುಡಿಯುವವರಿಗೆ ದಿಢೀರನೆ ಬಿಡುವುದೂ ಅಪಾಯವೇ. ಮುಚ್ಚಿಡದೆ ಹೇಳಿ.

4. ಪರೀಕ್ಷೆಯ ದಿನ

ತಲೆಸ್ನಾನ ಮಾಡಿ, ಕೂದಲು ಪೂರ್ತಿ ಒಣಗಿಸಿ. ಎಣ್ಣೆ, ಜೆಲ್, ಕ್ರೀಮು ಯಾವುದೂ ಬೇಡ. ಜಿಡ್ಡಿದ್ದರೆ ತಲೆಗೆ ಅಂಟಿಸುವ ಬಿಲ್ಲೆಗಳು ನಿಲ್ಲುವುದಿಲ್ಲ. ಒಂದೆರಡು ಬೆರಳಿನ ನೇಲ್ ಪಾಲಿಶ್ ತೆಗೆಯಿರಿ, ಯಾಕೆಂದರೆ ಆಮ್ಲಜನಕ ಅಳೆಯುವ ಕ್ಲಿಪ್ಪು ಉಗುರಿನ ಮೂಲಕ ಬೆಳಕು ಹಾಯಿಸುತ್ತದೆ. ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಹಗಲು ನಿದ್ದೆ ಬೇಡ. ಸಡಿಲವಾದ, ಮೇಲೆ ಕೆಳಗೆ ಬೇರೆ ಬೇರೆ ಇರುವ ಬಟ್ಟೆ ತನ್ನಿ. ನಿಮ್ಮದೇ ದಿಂಬು ತನ್ನಿ. ಇದನ್ನು ಮರೆಯುವವರೇ ಹೆಚ್ಚು, ಆಮೇಲೆ ಪೇಚಾಡುವವರೂ ಅವರೇ.

ರಾತ್ರಿ ನಿದ್ದೆ ಮಾತ್ರೆ ತೆಗೆದುಕೊಳ್ಳುವ ರೂಢಿ ಇದ್ದು, ವೈದ್ಯರು ತೆಗೆದುಕೊಳ್ಳಿ ಅಂದಿದ್ದರೆ, ಮನೆಯಲ್ಲಿ ನುಂಗಿ ಗಾಡಿ ಓಡಿಸಿಕೊಂಡು ಬರಬೇಡಿ. ವೈರು ಹಚ್ಚಿ ಮುಗಿದ ಮೇಲೆ ಅಲ್ಲೇ ನುಂಗಿ. ಅಂಟು, ಟೇಪು ಮೈಗೆ ಆಗದಿದ್ದರೆ ಮೊದಲೇ ಹೇಳಿ. ಜ್ವರ, ಜೋರು ನೆಗಡಿ ಇದ್ದರೆ ದಿನ ಮುಂದೂಡಿ. ಕಟ್ಟಿದ ಮೂಗಿನಲ್ಲಿ ಅಳೆದ ಉಸಿರು ನಿಮ್ಮ ಎಂದಿನ ಉಸಿರಲ್ಲ.

5. ವೈರು ಹಚ್ಚುವುದು

ಇದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ನೋವಿಲ್ಲ, ಸೂಜಿ ಇಲ್ಲ. ವೈರುಗಳು ನಿಮ್ಮ ಮೈಯಿಂದ ಸಂಕೇತ ಓದುತ್ತವೆಯೇ ಹೊರತು ನಿಮಗೆ ಕರೆಂಟು ಕೊಡುವುದಿಲ್ಲ.

ಟೆಕ್ನಿಷಿಯನ್ ಅಳತೆ ಟೇಪು ಹಿಡಿದು ಮೂಗಿನ ಮೇಲ್ತುದಿಯಿಂದ ತಲೆಯ ಹಿಂದಿನ ಉಬ್ಬಿನವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ ಅಳೆದು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ. ಒಬ್ಬೊಬ್ಬರ ತಲೆ ಒಂದೊಂದು ಗಾತ್ರ, ಅದಕ್ಕೇ ಸೆಂಟಿಮೀಟರಿನ ಬದಲು ಶೇಕಡಾ ಲೆಕ್ಕದಲ್ಲಿ ಜಾಗ ಗೊತ್ತುಮಾಡುತ್ತಾರೆ. ಗುರುತಿನ ಜಾಗವನ್ನು ಮರಳು ಮರಳಾದ ಒಂದು ಜೆಲ್ಲಿನಿಂದ ಉಜ್ಜುತ್ತಾರೆ. ಸ್ವಲ್ಪ ಕೆರೆದ ಹಾಗನಿಸುತ್ತದೆ. ಆಮೇಲೆ ಪೇಸ್ಟು, ಅದರ ಮೇಲೆ ಪುಟ್ಟ ಲೋಹದ ಬಟ್ಟಲು. ತಲೆಯ ಮೇಲಿನವು ಮೆದುಳಿನ ಅಲೆಗೆ. ಕಣ್ಣಿನ ಹೊರಮೂಲೆಯವು ಕಣ್ಣಿನ ಓಡಾಟಕ್ಕೆ. ಗಲ್ಲದ್ದು ಸ್ನಾಯುವಿನ ಬಿಗಿತಕ್ಕೆ, ಮೊಣಕಾಲಿನ ಕೆಳಗಿನವು ಕಾಲಿನ ಜಗ್ಗಾಟಕ್ಕೆ. ಎದೆಯ ಮೇಲೆ ಇಸಿಜಿ. ಮೂಗಿನಲ್ಲಿ ಎರಡು ಕವಲಿನ ನಳಿಕೆ, ಅದರ ಜೊತೆಗೇ ಬಿಸಿ ಉಸಿರು ತಂಪು ಉಸಿರು ಗುರುತಿಸುವ ಸಣ್ಣ ತಂತಿ. ಎದೆಗೊಂದು, ಹೊಟ್ಟೆಗೊಂದು ಬೆಲ್ಟು.

ಆ ಎರಡು ಬೆಲ್ಟುಗಳನ್ನು ಯಾರೂ ಗಮನಿಸುವುದಿಲ್ಲ. ಆದರೆ ಅಪ್ನಿಯಾ ಯಾವ ಬಗೆಯದು ಅಂತ ಹೇಳುವುದು ಅವೇ. ಮೂಗಿನಲ್ಲಿ ಗಾಳಿ ನಿಂತಿದೆ, ಆದರೆ ಎದೆ ಹೊಟ್ಟೆ ಇನ್ನೂ ಎಳೆದಾಡುತ್ತಿವೆ ಅಂದರೆ ಗಂಟಲು ಮುಚ್ಚಿಕೊಂಡಿದೆ. ಇದು ಅಡಚಣೆಯ ಅಪ್ನಿಯಾ, ಆಬ್ಸ್ಟ್ರಕ್ಟಿವ್ ಅನ್ನುತ್ತಾರೆ. ಗಾಳಿಯೂ ಇಲ್ಲ, ಎದೆಯೂ ಅಲುಗುತ್ತಿಲ್ಲ ಅಂದರೆ ಉಸಿರೆಳೆ ಅಂತ ಮೆದುಳೇ ಹೇಳಿಲ್ಲ. ಇದು ಸೆಂಟ್ರಲ್ ಅಪ್ನಿಯಾ. ಎರಡಕ್ಕೂ ಕಾರಣ ಬೇರೆ, ಚಿಕಿತ್ಸೆಯೂ ಬೇರೆ ಆಗಬಹುದು. ಬೆಲ್ಟು ಬಿಗಿಯಾಯಿತು ಅಂತ ರಾತ್ರಿ ನೀವೇ ಸಡಿಲ ಮಾಡಿಕೊಂಡರೆ ಈ ವ್ಯತ್ಯಾಸವೇ ಕಳೆದುಹೋಗುತ್ತದೆ. ಟೆಕ್ನಿಷಿಯನ್ನರನ್ನು ಕರೆಯಿರಿ.

ಎಲ್ಲ ಹಚ್ಚಿದ ಮೇಲೆ ದೀಪ ಆರಿಸಿ, ಪಕ್ಕದ ಕೋಣೆಯಿಂದ ಸ್ಪೀಕರಿನಲ್ಲಿ ಒಂದಿಷ್ಟು ಹೇಳುತ್ತಾರೆ. “ಕಣ್ಣು ಬಿಟ್ಟು ನೇರ ನೋಡಿ. ಈಗ ಮುಚ್ಚಿ. ತಲೆ ಅಲುಗಿಸದೆ ಎಡಕ್ಕೆ ನೋಡಿ, ಬಲಕ್ಕೆ ನೋಡಿ. ಐದು ಸಲ ಕಣ್ಣು ಮಿಟುಕಿಸಿ. ಹಲ್ಲು ಕಚ್ಚಿ. ಗೊರಕೆ ಹೊಡೆದ ಹಾಗೆ ಸದ್ದು ಮಾಡಿ. ಉಸಿರು ಹಿಡಿಯಿರಿ. ಎಡಗಾಲಿನ ಪಾದ ಮಡಿಸಿ.” ಕೆಲವರಿಗೆ ನಗು ಬರುತ್ತದೆ. ಆದರೆ ಪ್ರತಿ ವೈರೂ ಕೆಲಸ ಮಾಡುತ್ತಿದೆಯಾ ಅಂತ ನೋಡುವುದು ಹೀಗೇ. ಕಣ್ಣು ಮುಚ್ಚಿದ ತಕ್ಷಣ ಬಹಳ ಜನರಿಗೆ ತಲೆಯ ಹಿಂಭಾಗದ ವೈರು ಬರೆಯುವ ಗೆರೆಯಲ್ಲಿ ಸೆಕೆಂಡಿಗೆ 8ರಿಂದ 13 ಅಲೆಗಳು ಸಾಲಾಗಿ ಏಳುತ್ತವೆ. ಆಲ್ಫಾ ಅಲೆ ಅಂತ ಹೆಸರು. ಆಮೇಲೆ ಈ ಆಲ್ಫಾ ಅಳಿಸಿಹೋದಾಗಲೇ ನಿಮಗೆ ನಿದ್ದೆ ಹತ್ತಿತು ಅಂತ ಗುರುತು ಮಾಡುವುದು. ಹಾಗಾಗಿ ಆ ಐದು ನಿಮಿಷ ಹೇಳಿದ ಹಾಗೆ ಮಾಡಿ.

6. ಆ ರಾತ್ರಿ

ಕೋಣೆಯಲ್ಲಿ ಕತ್ತಲಲ್ಲೂ ಕಾಣುವ ಕ್ಯಾಮೆರಾ, ಮೈಕು ಇರುತ್ತವೆ. ಬಾತ್‌ರೂಮಿಗೆ ಹೋಗಬೇಕಾದರೆ ಸುಮ್ನೆ ಜೋರಾಗಿ ಹೇಳಿದರೆ ಸಾಕು, ಅವರು ಬಂದು, ವೈರುಗಳೆಲ್ಲ ಸೇರುವ ಮುಖ್ಯ ಡಬ್ಬಿಯ ಕೇಬಲ್ ಬಿಡಿಸುತ್ತಾರೆ. ಡಬ್ಬಿ ಕುತ್ತಿಗೆಗೆ ನೇತುಹಾಕಿಕೊಂಡು ಹೋಗಿ ಬರಬಹುದು. ಅಷ್ಟೂ ವೈರು ಕಿತ್ತು ಮತ್ತೆ ಹಚ್ಚುವುದಿಲ್ಲ. ವೈರು ಕಿತ್ತುಬಂದರೆ ನಿಮ್ಮ ತಪ್ಪಲ್ಲ, ಅವರು ಬಂದು ಸರಿಮಾಡುತ್ತಾರೆ.

ನಿದ್ದೆ ಬರಲಿ ಅಂತ ಪ್ರಯತ್ನ ಪಡಬೇಡಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಹಾಳಾಗುವುದು ಎಲ್ಲ ಲ್ಯಾಬಿಗೂ ಗೊತ್ತಿರುವ ವಿಷಯ. ಮೊದಲ ರಾತ್ರಿಯ ಪ್ರಭಾವ ಅಂತ ಅದಕ್ಕೆ ಹೆಸರೇ ಇದೆ. “ನಾನು ಕಣ್ಣೇ ಮುಚ್ಚಲಿಲ್ಲ” ಅಂತ ಬೆಳಗ್ಗೆ ಹೇಳುವ ಎಷ್ಟೋ ಜನರ ದಾಖಲೆಯಲ್ಲಿ ನಾಲ್ಕೈದು ಗಂಟೆ ನಿದ್ದೆ ಇರುತ್ತದೆ.

ಒಂದು ವಿಷಯಕ್ಕೆ ಮಾತ್ರ ಮನಸ್ಸು ಕೊಡಿ. ಅಂಗಾತ ಮಲಗಿದಾಗ ನಾಲಗೆ, ಗಂಟಲಿನ ಮೆತ್ತನೆ ಭಾಗ ಹಿಂದಕ್ಕೆ ಜಾರುವುದರಿಂದ ಅಪ್ನಿಯಾ ಸಾಮಾನ್ಯವಾಗಿ ಜಾಸ್ತಿ. ಮನೆಯಲ್ಲಿ ಅಂಗಾತ ಮಲಗುವವರು ಲ್ಯಾಬಿನಲ್ಲಿ ಸಂಕೋಚಕ್ಕೆ ಇಡೀ ರಾತ್ರಿ ಮಗ್ಗುಲಾಗಿಯೇ ಇದ್ದರೆ ರೋಗ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೇ ಮಲಗಿ. ಅಂಗಾತ ಸ್ವಲ್ಪ ಹೊತ್ತು ಮಲಗಿ ಅಂತ ಅವರೇ ಹೇಳಿದರೆ ಬೇಡ ಅನ್ನಬೇಡಿ.

ನಡುರಾತ್ರಿ ಎಬ್ಬಿಸಿ ಮುಖಕ್ಕೆ ಮಾಸ್ಕ್ ಹಾಕಿದರೆ ಗಾಬರಿಯಾಗಬೇಡಿ. ಮೊದಲ ಎರಡು ಗಂಟೆ ದಾಖಲೆಯಲ್ಲೇ ಅಪ್ನಿಯಾ ತೀವ್ರವಾಗಿದೆ ಅಂತ ಕಂಡರೆ, ಉಳಿದ ರಾತ್ರಿಯನ್ನು ಚಿಕಿತ್ಸೆಯ ಅಳತೆಗೆ ಬಳಸುವುದುಂಟು. ಅರ್ಧ ರಾತ್ರಿ ರೋಗ ನೋಡಲು, ಅರ್ಧ ರಾತ್ರಿ ಮದ್ದು ನೋಡಲು. ಇದನ್ನು ಸ್ಪ್ಲಿಟ್ ನೈಟ್ ಅನ್ನುತ್ತಾರೆ. ಮಾಸ್ಕಿನ ಯಂತ್ರದ ಹೆಸರು ಸಿಪ್ಯಾಪ್. ಗಾಳಿಯನ್ನು ಒತ್ತಡದಲ್ಲಿ ಊದಿ ಗಂಟಲು ಮುಚ್ಚದಂತೆ ತೆರೆದಿಡುತ್ತದೆ. ಕಾಲಿನ್ ಸಲ್ಲಿವನ್ ಎಂಬ ವೈದ್ಯರು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇದನ್ನು ಮಾಡಿ ತೋರಿಸಿದ್ದು, ವರದಿ ಪ್ರಕಟಿಸಿದ್ದು 1981ರಲ್ಲಿ. ಸಾಮಾನ್ಯವಾಗಿ 4 ಸೆಂಟಿಮೀಟರ್ ನೀರಿನ ಒತ್ತಡದಿಂದ (ಗಾಳಿಯ ಒತ್ತಡ ಅಳೆಯುವ ಮಾನ ಇದು) ಶುರುಮಾಡಿ, ಉಸಿರು ಸರಿಹೋಗುವ ತನಕ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಬುಕ್ ಮಾಡುವಾಗಲೇ “ಬೇಕಾದರೆ ಸ್ಪ್ಲಿಟ್ ನೈಟ್ ಮಾಡುತ್ತೀರಾ?” ಅಂತ ಕೇಳಿ, ಮಲಗುವ ಮುಂಚೆ ಮಾಸ್ಕನ್ನು ಒಮ್ಮೆ ಮುಖಕ್ಕೆ ಹಿಡಿದು ನೋಡಿ. ಎಚ್ಚರವಿದ್ದಾಗ ಒಮ್ಮೆ ನೋಡಿದ್ದರೆ ನಿದ್ದೆಗಣ್ಣಲ್ಲಿ ಹೆದರಿಕೆ ಆಗುವುದಿಲ್ಲ.

7. ಬೆಳಗ್ಗೆ

“ನನಗೇನಿದೆ?” ಅಂತ ಟೆಕ್ನಿಷಿಯನ್ನರನ್ನು ಕೇಳಬೇಡಿ. ಅವರು ಹೇಳುವ ಹಾಗಿಲ್ಲ. ಪೇಸ್ಟು ಬೆಚ್ಚನೆಯ ನೀರಿಗೆ ಹೋಗುತ್ತದೆ. ನಿದ್ದೆ ಕೆಟ್ಟಿದ್ದರೆ ನೀವೇ ಗಾಡಿ ಓಡಿಸಬೇಡಿ.

ನಾರ್ಕೊಲೆಪ್ಸಿ ಅನುಮಾನ ಇದ್ದವರಿಗೆ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಹಗಲೂ ಅಲ್ಲೇ ಇರಬೇಕು. ಎರಡು ಗಂಟೆಗೊಂದರಂತೆ ನಾಲ್ಕೈದು ಸಲ ಕತ್ತಲ ಕೋಣೆಯಲ್ಲಿ ಮಲಗಿಸಿ, ಪ್ರತಿ ಸಲ ನಿದ್ದೆ ಹತ್ತಲು ಎಷ್ಟು ನಿಮಿಷ ಹಿಡಿಯಿತು, ಬೇಗನೆ ಕನಸಿನ ನಿದ್ದೆಗೆ ಜಾರಿದಿರಾ ಅಂತ ನೋಡುತ್ತಾರೆ. ಇದರ ಹೆಸರು ಎಂಎಸ್‌ಎಲ್‌ಟಿ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಕನಿಷ್ಠ ಎರಡು ಸಲ ಕಣ್ಣು ಹತ್ತಿದ 15 ನಿಮಿಷದೊಳಗೆ ಕನಸಿನ ನಿದ್ದೆ ಬಂದರೆ ನಾರ್ಕೊಲೆಪ್ಸಿ ಕಡೆಗೆ ಬೆರಳು ತೋರಿಸುತ್ತದೆ. ಹಿಂದಿನ ರಾತ್ರಿ ಕನಿಷ್ಠ 6 ಗಂಟೆ ನಿದ್ದೆ ಆಗಿರಬೇಕು, ಹಿಂದಿನ ವಾರಗಳಲ್ಲೂ ನಿದ್ದೆಗೆಟ್ಟಿರಬಾರದು. ನಿದ್ದೆಗೆಟ್ಟವರು ಯಾರೇ ಆದರೂ ಹಗಲು ಬೇಗ ಮಲಗಿಬಿಡುತ್ತಾರೆ, ಅಲ್ವಾ? ದಿನಚರಿ ಕೆಲಸಕ್ಕೆ ಬರುವುದು ಇಲ್ಲಿಯೇ.

8. ರಿಪೋರ್ಟ್ ಓದುವುದು

ರಾತ್ರಿಯ ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ, ಒಂದೊಂದನ್ನೂ ನೋಡಿ ಹಂತದ ಹೆಸರು ಕೊಡುತ್ತಾರೆ. 8 ಗಂಟೆಗೆ 960 ತುಂಡು. ಈ 30 ಸೆಕೆಂಡು ಕಾಗದದ ಕಾಲದಿಂದ ಉಳಿದು ಬಂದದ್ದು. ಸೆಕೆಂಡಿಗೆ 10 ಮಿಲಿಮೀಟರ್ ಕಾಗದ ಓಡಿದರೆ 30 ಸೆಂಟಿಮೀಟರಿನ ಒಂದು ಪುಟಕ್ಕೆ ಅಷ್ಟೇ ಹಿಡಿಸುತ್ತಿತ್ತು. ಈಗ ಕಂಪ್ಯೂಟರ್ ನೆರವಾಗುತ್ತದೆ, ಆದರೂ ತರಬೇತಿ ಪಡೆದವರ ಕಣ್ಣು ಬೇಕು. ಅದಕ್ಕೇ ರಿಪೋರ್ಟ್ ಮರುದಿನವೇ ಕೈಗೆ ಬರದಿರಬಹುದು.

ಹಂತಗಳು ಹೀಗೆ: ಎನ್1 ಜೋಂಪು, ಎನ್2 ಹಗುರ ನಿದ್ದೆ, ಎನ್3 ಗಾಢ ನಿದ್ದೆ, ರೆಮ್ ಕನಸಿನ ನಿದ್ದೆ. ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಎನ್2, ಐದರಲ್ಲೊಂದು ಪಾಲು ಅಥವಾ ಸ್ವಲ್ಪ ಜಾಸ್ತಿ ರೆಮ್. ವಯಸ್ಸಾದಂತೆ ಎನ್3 ಕಡಿಮೆಯಾಗುವುದು ಸಹಜ. “ನಿದ್ರಾ ದಕ್ಷತೆ 70 ಶೇಕಡಾ” ಅಂತ ಬಂದರೂ ಎದೆ ಒಡೆದುಕೊಳ್ಳಬೇಡಿ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಎಷ್ಟು ಪಾಲು ನಿದ್ದೆ ಆಯಿತು ಅನ್ನುವುದು ಅದು. ಸಾಮಾನ್ಯವಾಗಿ 85ರ ಮೇಲಿದ್ದರೆ ಒಳ್ಳೆಯದು ಅನ್ನುತ್ತಾರೆ, ಆದರೆ ಲ್ಯಾಬಿನ ಹಾಸಿಗೆಯಲ್ಲಿ ಅದು ಕುಸಿಯುವುದು ಮಾಮೂಲು.

ಈಗ ಎಲ್ಲರೂ ಹುಡುಕುವ ಅಂಕಿ, ಎಎಚ್‌ಐ. ನಿದ್ದೆಯ ಒಂದು ಗಂಟೆಯಲ್ಲಿ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. ಗಾಳಿಯ ಹರಿವು 90 ಶೇಕಡಾ ಅಥವಾ ಹೆಚ್ಚು ಇಳಿದು 10 ಸೆಕೆಂಡಾದರೂ ಹಾಗೇ ಇದ್ದರೆ ಅಪ್ನಿಯಾ. 30 ಶೇಕಡಾ ಅಥವಾ ಹೆಚ್ಚು ಇಳಿದು, ಜೊತೆಗೆ ಆಮ್ಲಜನಕ ಇಳಿದರೆ ಅಥವಾ ಮೆದುಳು ಎಚ್ಚೆತ್ತರೆ ಹೈಪಾಪ್ನಿಯಾ, ಅಂದರೆ ಅರೆ ಉಸಿರು. ವಯಸ್ಕರಲ್ಲಿ ಗಂಟೆಗೆ 5ರ ಒಳಗಿದ್ದರೆ ಸರಿ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ.

ಈ ಒಂದು ಅಂಕಿಯನ್ನೇ ನಂಬಿ ಕೂರಬೇಡಿ ಅನ್ನುವುದು ನನ್ನ ಮಾತು. ಇನ್ನೊಂದು ಲೆಕ್ಕ ನೋಡಿ. 6 ಗಂಟೆ ನಿದ್ದೆ, ಅದರಲ್ಲಿ 72 ನಿಮಿಷ ರೆಮ್. ಒಟ್ಟು 48 ಸಲ ಉಸಿರು ಕಟ್ಟಿದೆ. ಎಎಚ್‌ಐ 8, “ಸೌಮ್ಯ, ತೂಕ ಇಳಿಸಿ” ಅಂತ ಕಳಿಸಬಹುದು. ಆದರೆ ಆ 48ರಲ್ಲಿ 36 ಆ 72 ನಿಮಿಷದಲ್ಲೇ ಆಗಿದ್ದರೆ? ಕನಸಿನ ನಿದ್ದೆಯಲ್ಲಿ ಗಂಟೆಗೆ 30, ಉಳಿದ ನಿದ್ದೆಯಲ್ಲಿ ಗಂಟೆಗೆ ಎರಡೂವರೆ. ಆ ಸರಾಸರಿ 8ರಲ್ಲಿ ಇದು ಮುಚ್ಚಿಹೋಗಿರುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಇವನ್ನೂ ಹುಡುಕಿ:

ರೆಮ್‌ನಲ್ಲಿ ಎಎಚ್‌ಐ ಎಷ್ಟು, ಅಂಗಾತ ಮಲಗಿದಾಗ ಎಷ್ಟು. ಎರಡರಲ್ಲೂ ಎಷ್ಟು ನಿಮಿಷ ಸಿಕ್ಕಿತ್ತು ಅಂತಲೂ ನೋಡಿ. ಅಂಗಾತ ಮಲಗಿದ್ದು ನಾಲ್ಕೇ ನಿಮಿಷವಾದರೆ ಆ ಅಂಕಿಗೆ ಬೆಲೆ ಇಲ್ಲ.

ಆಮ್ಲಜನಕ 90 ಶೇಕಡಾಕ್ಕಿಂತ ಕೆಳಗೆ ಒಟ್ಟು ಎಷ್ಟು ಹೊತ್ತು ಇತ್ತು. ಎಲ್ಲಕ್ಕಿಂತ ಕೆಳಗಿಳಿದ ಒಂದೇ ಅಂಕಿ ಬೆರಳಿನ ಕ್ಲಿಪ್ಪು ಜಾರಿದ್ದರಿಂದಲೂ ಬರಬಹುದು. ಹೊತ್ತಿನ ಲೆಕ್ಕ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಅಪ್ನಿಯಾಗಳಲ್ಲಿ ಅಡಚಣೆಯವು ಎಷ್ಟು, ಸೆಂಟ್ರಲ್ ಎಷ್ಟು.

ಹೈಪಾಪ್ನಿಯಾ ಎಣಿಸಲು ಆಮ್ಲಜನಕ 3 ಶೇಕಡಾ ಇಳಿತದ ನಿಯಮ ಬಳಸಿದರಾ, 4 ಶೇಕಡಾದ್ದಾ. ಎರಡೂ ಚಾಲ್ತಿಯಲ್ಲಿವೆ. 4ರ ನಿಯಮದಲ್ಲಿ ಅಂಕಿ ಕಡಿಮೆ ಬರುತ್ತದೆ. ಹೋದ ವರ್ಷದ ರಿಪೋರ್ಟಿನಲ್ಲಿ 18, ಈಗ 11, ವಾಸಿಯಾಗುತ್ತಿದೆ ಅಂತ ಖುಷಿಪಡುವ ಮುಂಚೆ ಎರಡೂ ಕಡೆ ನಿಯಮ ಒಂದೇನಾ ಅಂತ ನೋಡಿ.

ಕಾಲು ಜಗ್ಗುವ ಲೆಕ್ಕ ವಯಸ್ಕರಲ್ಲಿ ಗಂಟೆಗೆ 15 ದಾಟಿದರೆ ಜಾಸ್ತಿ ಅನ್ನುತ್ತಾರೆ. ಆದರೆ ಅಂಕಿ ಜಾಸ್ತಿ ಇದ್ದು ನಿಮಗೆ ತೊಂದರೆಯೇ ಇಲ್ಲದಿದ್ದರೆ ಅದು ಬರೀ ಅಂಕಿ.

ಮಕ್ಕಳ ರಿಪೋರ್ಟಿಗೆ ಮೇಲಿನ ಪಟ್ಟಿ ಹಚ್ಚಬೇಡಿ. ಮಕ್ಕಳಲ್ಲಿ ಗಂಟೆಗೆ 1 ಬಂದರೂ ಗಮನಿಸಬೇಕಾದ್ದೇ. ವಯಸ್ಕರ ಕಣ್ಣಿಗೆ “5ರ ಒಳಗಿದೆ, ನಾರ್ಮಲ್” ಅನಿಸುವ ರಿಪೋರ್ಟ್ ಮಗುವಿನದ್ದಾದರೆ ಮಕ್ಕಳ ನಿದ್ದೆ ಗೊತ್ತಿರುವ ವೈದ್ಯರಿಗೆ ತೋರಿಸಿ. ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂದಿರುವ ಗ್ರಂಥಿ) ಊದಿರುವುದು ಮಕ್ಕಳಲ್ಲಿ ಅಪ್ನಿಯಾಕ್ಕೆ ಸಾಮಾನ್ಯ ಕಾರಣ. ಪರೀಕ್ಷೆಯ ರಾತ್ರಿ ತಂದೆ ಅಥವಾ ತಾಯಿ ಅದೇ ಕೋಣೆಯಲ್ಲಿ ಮಲಗಬೇಕಾಗುತ್ತದೆ.

9. ಆಮೇಲೆ

ರಿಪೋರ್ಟಿನ ಕೊನೆಯ ಒಂದು ಪುಟ ಕೊಟ್ಟರೆ ಸಾಕು ಅನ್ನಬೇಡಿ. ಹಂತಗಳ ನಕ್ಷೆ, ಆಮ್ಲಜನಕದ ಗೆರೆ ಸಮೇತ ಪೂರ್ತಿ ಪ್ರತಿ ಕೇಳಿ ಪಡೆಯಿರಿ. ಬೇರೆ ವೈದ್ಯರ ಅಭಿಪ್ರಾಯ ಬೇಕಾದಾಗ ಅದೇ ಬೇಕಾಗುವುದು. ಅಪ್ನಿಯಾ ಇದೆ ಅಂತ ಗೊತ್ತಾದ ಮೇಲೆ ಯಾವುದೇ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ಹೇಳಿ. ಅರಿವಳಿಕೆ ಮತ್ತು ಮಾರ್ಫಿನ್ ಜಾತಿಯ ನೋವಿನ ಔಷಧಿಗಳು ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ.

ಮತ್ತೆ ಪರೀಕ್ಷೆ ಯಾವಾಗ? ತೂಕ ಗಣನೀಯವಾಗಿ ಇಳಿದಾಗ ಅಥವಾ ಏರಿದಾಗ, ಗಂಟಲಿನ ಆಪರೇಷನ್ ಆದ ಮೇಲೆ, ದವಡೆ ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ ಹಾಕಿಕೊಂಡಾಗ ಅದು ಕೆಲಸ ಮಾಡುತ್ತಿದೆಯೇ ನೋಡಲು. ಲಕ್ಷಣ ಜೋರಾಗಿದ್ದು ಲ್ಯಾಬ್ ರಿಪೋರ್ಟ್ ಮಾತ್ರ ಸರಿಯಾಗಿದೆ ಅಂದಾಗಲೂ ಎರಡನೇ ರಾತ್ರಿ ಕೇಳಬಹುದು. ಉಸಿರಿನ ತೊಂದರೆ ಎಲ್ಲ ರಾತ್ರಿಯೂ ಒಂದೇ ಸಮ ಇರುವುದಿಲ್ಲ.

ಸಿಪ್ಯಾಪ್ ಶುರುಮಾಡಿದವರಿಗೆ ಯಂತ್ರವೇ ದಿನಾ ಒಂದು ಎಎಚ್‌ಐ ತೋರಿಸುತ್ತದೆ. ಅದು ಮಾಸ್ಕಿನ ಗಾಳಿಯ ಹರಿವು ನೋಡಿ ಕಟ್ಟಿದ ಲೆಕ್ಕ. ನೀವು ಎಚ್ಚರವಿದ್ದ ಹೊತ್ತೂ ಅದರಲ್ಲಿ ಸೇರಿರುತ್ತದೆ. ಗಾಳಿ ಸೋರುತ್ತಿದ್ದರೆ ತಪ್ಪಾಗಿಯೂ ತೋರಿಸಬಹುದು. ಲ್ಯಾಬಿನ ಅಂಕಿಯ ಪಕ್ಕ ಅದನ್ನು ಇಟ್ಟು ಹೋಲಿಸಬೇಡಿ. ಯಂತ್ರ 2 ಅಂತ ತೋರಿಸುತ್ತಿದೆ, ಮಾಸ್ಕನ್ನು ರಾತ್ರಿಪೂರ್ತಿ ಹಾಕಿಕೊಳ್ಳುತ್ತಿದ್ದೀರಿ, ಆದರೂ ಮಧ್ಯಾಹ್ನ ತೂಕಡಿಕೆ ಹೋಗಿಲ್ಲ ಅಂದರೆ ಎಪ್‌ವರ್ತ್ ಪಟ್ಟಿಯನ್ನು ಮತ್ತೆ ತುಂಬಿ, ಯಂತ್ರದ ಮೆಮೊರಿ ಕಾರ್ಡ್ ಸಮೇತ ವೈದ್ಯರ ಹತ್ತಿರ ಹೋಗಿ. ಒತ್ತಡ ಬದಲಿಸಬೇಕೋ, ಮಾಸ್ಕ್ ಬದಲಿಸಬೇಕೋ, ತೂಕಡಿಕೆಗೆ ಬೇರೆಯೇ ಕಾರಣ ಹುಡುಕಬೇಕೋ ಅಂತ ಅವರು ಅಲ್ಲಿಂದ ನೋಡುತ್ತಾರೆ.